ಪದಚರ್ಚೆ: ಕ್ರೇವಿಂಗ್‌ಗೆ ತಲಬು ಅನ್ನಬಹುದೇ? ಜೊತೆಗೆ ಚಟ, ಗೀಳು, ಗುಂಗು

ಗೆಳೆಯರೇ,

ಕುಡಿತ, ತಂಬಾಕು, ಅತಿಯಾಗಿ ತಿನ್ನುವುದು ಇವುಗಳ ಬಗ್ಗೆ ಕನ್ನಡದಲ್ಲಿ ಒಂದು ಕಿರುಹೊತ್ತಿಗೆ ಸಿದ್ಧಪಡಿಸುತ್ತಿದ್ದೇನೆ. ಇದನ್ನು ಓದುವವರು ಡಾಕ್ಟರುಗಳಲ್ಲ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರುವವರು, ಅವರ ಜೊತೆ ಬಂದ ಹೆಂಡತಿ, ಅಣ್ಣ, ಮಗಳು. ಹಾಗಾಗಿ ಪದ ಕಿವಿಗೆ ಬಿದ್ದ ಕೂಡಲೇ ಅರ್ಥ ಆಗಬೇಕು. ಉಳಿದದ್ದೆಲ್ಲ ಹೇಗೋ ಸಾಗುತ್ತಿದೆ. ಕ್ರೇವಿಂಗ್, ಅಂದರೆ ಒಳಗಿನಿಂದ ಬೇಕೇಬೇಕು ಅನ್ನಿಸುವುದು, ಆ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಸುಮ್ನೆ ಒಂದು ಪದಕ್ಕೆ ಇಷ್ಟು ಯಾಕೆ ಅನ್ನಬೇಡಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯದ ಕೈಪಿಡಿಯನ್ನು ಹೊಸದಾಗಿ ಬರೆಯಿತು. ಅದನ್ನು ಡಿಎಸ್‌ಎಂ-5 ಅನ್ನುತ್ತಾರೆ. ಕುಡಿತದ ಕಾಯಿಲೆ ಇದೆಯೇ ಅಂತ ತಿಳಿಯಲು ಅದರಲ್ಲಿ 11 ಲಕ್ಷಣಗಳಿವೆ. ಒಂದು ವರ್ಷದೊಳಗೆ ಎರಡಾದರೂ ಕಂಡರೆ ಕಾಯಿಲೆ ಇದೆ ಅಂತ ಲೆಕ್ಕ. ಹಳೆಯ ಪಟ್ಟಿಯಲ್ಲಿದ್ದ ‘ಪೊಲೀಸು, ಕೋರ್ಟು ತೊಂದರೆ’ ಅನ್ನುವುದನ್ನು ಆಗ ಕೈಬಿಟ್ಟರು. ಕ್ರೇವಿಂಗ್ ಅನ್ನು ಹೊಸದಾಗಿ ಸೇರಿಸಿದರು. ಅಂದರೆ ಈಗ ಡಾಕ್ಟರು ಇದನ್ನು ಕೇಳಲೇಬೇಕು. ‘ನಿಮಗೆ ಮದ್ಯಪಾನದ ತೀವ್ರ ಹಂಬಲ ಉಂಟಾಗುತ್ತದೆಯೇ?’ ಅಂತ ಕೇಳಿದರೆ ಕೂಲಿ ಮಾಡುವ ಮನುಷ್ಯ ಏನು ಹೇಳಿಯಾನು? ‘ಇಲ್ಲ ಸಾರ್’ ಅಂದುಬಿಡುತ್ತಾನೆ. ಒಂದು ಲಕ್ಷಣ ಅಲ್ಲಿಗೇ ಜಾರಿಹೋಯಿತು.

ಹಂಬಲ ನಿಘಂಟಿನಲ್ಲಿ ಮೊದಲಿಗೇ ಸಿಗುವ ಪದ. ಆದರೆ ನಾವು ಹಂಬಲಿಸುವುದು ತವರಿಗೆ, ದೂರ ಇರುವ ಮಗನಿಗೆ, ದೇವರಿಗೆ. ಬಯಕೆ ಅಂದರೆ ಬಸುರಿ ಹೆಂಗಸು, ಬಯಕೆ ಊಟ. ಲಾಲಸೆ ಅಂತ ಮಾತಿನಲ್ಲಿ ಯಾರೂ ಹೇಳುವುದಿಲ್ಲ. ತುಡಿತ ಚೆನ್ನಾಗಿತ್ತು. ಆದರೆ ಪತ್ರಿಕೆಗಳು ಅದನ್ನು ತೀರಾ ದೊಡ್ಡವರ ಪದ ಮಾಡಿಬಿಟ್ಟಿವೆ. ‘ಸಾಮಾಜಿಕ ತುಡಿತವುಳ್ಳ ಕವಿ’ ಅಂದ ಮೇಲೆ ‘ಗುಟ್ಕಾದ ತುಡಿತ’ ಅಂದರೆ ನಗು ಬರುತ್ತದೆ.

ಈಗ ಚಟ, ವ್ಯಸನ, ಗೀಳು. ಈ ಮೂರನ್ನೂ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುತ್ತೇವೆ. ನನಗೆ ಇದರಲ್ಲಿ ತಕರಾರಿದೆ.

ವ್ಯಸನ ಸರ್ಕಾರಿ ಪದ. ಆದರೆ ಅದರ ಬೆನ್ನಿಗೆ ಸಪ್ತವ್ಯಸನಗಳ ಭಾರ ಇದೆ. ಜೂಜು, ಬೇಟೆ, ಕಳವು, ಪರಸ್ತ್ರೀ ಎಲ್ಲ ಒಂದೇ ಸಾಲಿನಲ್ಲಿ. ಪಾಪದ ವಾಸನೆ ಹೋಗುವುದೇ ಇಲ್ಲ. ಅದಲ್ಲದೆ ‘ಅವರು ಬಹಳ ವ್ಯಸನದಲ್ಲಿದ್ದಾರೆ’ ಅಂದರೆ ಹಳಬರಿಗೆ ದುಃಖದಲ್ಲಿದ್ದಾರೆ ಅಂತಲೇ ಅರ್ಥ. ಗೀಳು ಇನ್ನೊಂದು ಕಷ್ಟ. ನಮ್ಮ ಮನೋವೈದ್ಯರು ಒಸಿಡಿ ಕಾಯಿಲೆಗೆ ಗೀಳು ರೋಗ ಅಂತ ಬರೆದು ಬರೆದು ಓದುಗರಿಗೆ ರೂಢಿ ಮಾಡಿಸಿದ್ದಾರೆ. ಮತ್ತೆ ಮತ್ತೆ ಕೈ ತೊಳೆಯುವುದು, ಬೀಗ ಹಾಕಿದೆನೋ ಇಲ್ಲವೋ ಅಂತ ನೋಡುವುದು. ಅದಕ್ಕೆ ಈ ಪದ ಸರಿಯಾಗಿ ಕೂತಿದೆ. ಅದನ್ನೇ ಎತ್ತಿ ‘ಮೊಬೈಲ್ ಗೀಳು’, ‘ಕುಡಿತದ ಗೀಳು’ ಅಂದರೆ ಎರಡು ಬೇರೆ ಕಾಯಿಲೆಗಳನ್ನು ಒಂದು ಮಾಡಿದಂತೆ. ಬೇಡ ಅಲ್ವಾ?

ಚಟ ಉಳಿಯಲಿ. ಎಲ್ಲರಿಗೂ ಗೊತ್ತು. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ದಿನಾಚರಣೆಯ ಹೆಸರಿನಲ್ಲಿ ವ್ಯಸನ, ಜೋಳಿಗೆಯಲ್ಲಿ ಮಾತ್ರ ದುಶ್ಚಟ, ಗಮನಿಸಿ. ಜನರ ಹತ್ತಿರ ಹೋದವರು ಜನರ ಪದವನ್ನೇ ಹಿಡಿದರು.

ಆದರೆ ಜೋಳಿಗೆಗೆ ಹಾಕಲು ಬರುವುದು ಚಟ ಮಾತ್ರ. ಹಾಕಿ ಬಂದ ಮೇಲೂ ಸಂಜೆ ಏಳಾಯಿತು ಅಂದರೆ, ಹಳೆಯ ಗೆಳೆಯ ಸಿಕ್ಕಿದ ಅಂದರೆ, ಒಳಗಿನಿಂದ ಏನೋ ಒಂದು ಎಳೆಯಲು ಶುರುವಾಗುತ್ತದಲ್ಲ? ಕುಡಿತ ಬಿಟ್ಟು ವರ್ಷ ಕಳೆದವರಿಗೂ ಅದು ಬರುತ್ತದೆ. ಕ್ರೇವಿಂಗ್ ಅಂದರೆ ಅದು. ಚಟ ನಡತೆಯ ಹೆಸರು. ಇದು ಒಳಗೆ ಆಗುವ ಒಂದು ಸಂಗತಿಯ ಹೆಸರು. ಎರಡಕ್ಕೂ ಬೇರೆ ಪದ ಬೇಕೇಬೇಕು.

ವಿಜ್ಞಾನ ಏನು ಹೇಳುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಯಾಕೆಂದರೆ ಪದದ ಆಯ್ಕೆ ಅದರ ಮೇಲೇ ನಿಂತಿದೆ.

1954ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ಸಣ್ಣ ತಂತಿ ಇಳಿಸಿದರು. ಇಲಿ ಸನ್ನೆಕೋಲು ಒತ್ತಿದರೆ ಅದರ ಮಿದುಳಿಗೆ ಸ್ವಲ್ಪ ಕರೆಂಟು. ಇಲಿಗಳು ಒತ್ತಿದ್ದೇ ಒತ್ತಿದ್ದು. ಇದು ಸುಖದ ಕೇಂದ್ರ ಅಂತ ಎಲ್ಲರೂ ನಂಬಿದರು. ಆಮೇಲೆ ಡೋಪಮೈನ್ ಬಂತು, ಮಿದುಳಿನ ನರಗಳ ನಡುವೆ ಸುದ್ದಿ ಒಯ್ಯುವ ಒಂದು ರಾಸಾಯನಿಕ. ಅದಕ್ಕೆ ಸುಖದ ರಸ ಅಂತ ಹೆಸರು ಬಿತ್ತು. ನಮ್ಮ ಪತ್ರಿಕೆಗಳಲ್ಲಿ ಇವತ್ತಿಗೂ ಅದು ‘ಸಂತೋಷದ ಹಾರ್ಮೋನು’.

1980ರ ದಶಕದ ಕೊನೆಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಇಲಿಗಳಲ್ಲಿ ಡೋಪಮೈನ್ ನರಗಳನ್ನೇ ಹಾಳುಮಾಡಿ ನೋಡಿದರು. ಆ ಇಲಿಗಳು ತಿನ್ನುವುದನ್ನೇ ಬಿಟ್ಟವು. ಮುಂದೆ ಆಹಾರ ಇದ್ದರೂ ಮೂಸಲಿಲ್ಲ. ನಳಿಗೆಯಲ್ಲಿ ಆಹಾರ ಹಾಕದಿದ್ದರೆ ಸಾಯುತ್ತಿದ್ದವು. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮೊದಲಿನಂತೆಯೇ ತುಟಿ ಚಪ್ಪರಿಸಿದವು! ಕಹಿ ಬಿಟ್ಟರೆ ಬಾಯಿ ಹಿಗ್ಗಿಸಿ ಹೊರಗೆ ಹಾಕಿದವು. ಎಳೆಗೂಸುಗಳೂ ಹೀಗೇ ಮಾಡುತ್ತವೆ. ಅಂದರೆ ರುಚಿ ಹಿಡಿಸುವುದು ಹಾಗೇ ಇತ್ತು. ಬೇಕು ಅನ್ನುವುದು ಮಾತ್ರ ಹೋಗಿತ್ತು.

ಅವರು ಇವಕ್ಕೆ ಲೈಕಿಂಗ್, ವಾಂಟಿಂಗ್ ಅಂತ ಹೆಸರಿಟ್ಟರು. 1993ರಲ್ಲಿ ಇಬ್ಬರೂ ಸೇರಿ ಮುಂದಿನ ಮಾತು ಹೇಳಿದರು: ಚಟ ಬೆಳೆದಂತೆಲ್ಲ ಬೇಕು ಅನ್ನುವುದು ಏರುತ್ತಾ ಹೋಗುತ್ತದೆ, ಹಿಡಿಸುವುದು ಏರಬೇಕು ಅಂತೇನಿಲ್ಲ, ಇಳಿಯಲೂಬಹುದು. ‘ಕುಡಿದರೆ ಈಗ ಖುಷಿ ಏನೂ ಆಗಲ್ಲ, ಆದರೂ ಬೇಕು’ ಅನ್ನುವವರನ್ನು ನೀವೂ ನೋಡಿರುತ್ತೀರಿ. ಅವರು ಸುಳ್ಳು ಹೇಳುತ್ತಿಲ್ಲ.

1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವೊಲ್ಫ್ರಾಮ್ ಶುಲ್ಜ್ ಕೋತಿಗಳಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮೈನ್ ನರಗಳು ಮಿಡಿದವು. ರಸ ಬರುವ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಕೋತಿ ಕಲಿತ ಮೇಲೆ ಆ ಸೂಚನೆಗೇ ಮಿಡಿಯತೊಡಗಿದವು, ರಸಕ್ಕಲ್ಲ. ಬಾರಿನ ಬೋರ್ಡು ಕಂಡಾಗಲೇ ಎದೆ ಡವಗುಟ್ಟುವುದಕ್ಕೆ ಇದು ಕಾರಣದ ಒಂದು ಎಳೆ.

ಕನ್ನಡಕ್ಕೆ ಬನ್ನಿ. ವಾಂಟಿಂಗ್, ಲೈಕಿಂಗ್ ಎರಡನ್ನೂ ಇಂಗ್ಲಿಷಿನಲ್ಲಿ ಮಾಡುವವನು ಮನುಷ್ಯ. ನಮ್ಮಲ್ಲಿ ಹಾಗಲ್ಲ. ‘ನನಗೆ ಬೇಕು’, ‘ನನಗೆ ಹಿಡಿಸಿತು’. ‘ನಾನು’ ಅಲ್ಲ, ‘ನನಗೆ’. ಹಸಿವಾಗುವಂತೆ, ನಿದ್ದೆ ಬರುವಂತೆ ಬೇಕು ಅನ್ನುವುದೂ ನಮಗೆ ಆಗುವ ಸಂಗತಿ. ನಶೆ ಏರುತ್ತದೆ, ಚಟ ಅಂಟುತ್ತದೆ. ಇದು ಬೆರಿಡ್ಜ್ ಹೇಳುವುದಕ್ಕೆ ತುಂಬಾ ಹತ್ತಿರ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಕ್ರೇವಿಂಗ್‌ಗೆ ನಾಮಪದ ಹುಡುಕುವಾಗ ಅದರ ಪಕ್ಕ ಯಾವ ಕ್ರಿಯಾಪದ ಕೂರುತ್ತದೆ ಅಂತ ನೋಡಬೇಕು. ಆ ಮನುಷ್ಯನ ಮೇಲೆ ತಪ್ಪು ಹೊರಿಸುವ ಕ್ರಿಯಾಪದ ಬರಬಾರದು.

ಈ ಪರೀಕ್ಷೆಯಲ್ಲಿ ತೆವಲು ಬಿದ್ದುಹೋಗುತ್ತದೆ. ಎಷ್ಟು ಗಟ್ಟಿ ಪದ! ನನಗೆ ಇಷ್ಟವಾದ ಪದವೂ ಹೌದು. ಆದರೆ ತೆವಲನ್ನು ‘ತೀರಿಸಿಕೊಳ್ಳುತ್ತಾರೆ’. ಅಲ್ಲೇ ಬೈಗುಳ ಇದೆ. ತೀಟೆಗೂ ಅದೇ ಗತಿ. ಹಪಹಪಿಯೂ ಹಾಗೇ, ಹಪಹಪಿಸುವವನು ಮನುಷ್ಯ. ಅದೂ ಅಲ್ಲದೆ ರಾಜಕಾರಣಿಗಳು ಆ ಪದವನ್ನು ಪೂರ್ತಿ ಕೊಂಡುಕೊಂಡಿದ್ದಾರೆ. ಚಪಲ ನಾಲಿಗೆಗೆ ಸರಿ, ಆದರೆ ಹಗುರ. ಹೆರಾಯಿನ್ ಬಿಟ್ಟವನಿಗೆ ಚಪಲ ಅನ್ನಲಾಗದು.

ಸೆಳೆತ ಬಹಳ ಹೊತ್ತು ನನ್ನ ಪಟ್ಟಿಯ ಮೇಲ್ಗಡೆ ಇತ್ತು. ಹೊಳೆಯ ಸೆಳೆತ ಇದ್ದ ಹಾಗೆ, ಈಜುವವನ ತಪ್ಪಿಲ್ಲ. ತೊಂದರೆ ಆಸ್ಪತ್ರೆಯಲ್ಲಿ. ಅಲ್ಲಿ ಸೆಳೆತ ಅಂದರೆ ಕೈಕಾಲು ಸೆಳೆತ, ಮೈನೋವು. ಕುಡಿತ ನಿಲ್ಲಿಸಿದವರಿಗೆ ಮೈನೋವು, ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ‘ಸೆಳೆತ ಇದೆಯಾ?’ ಅಂತ ಕೇಳಿ, ‘ಇದೆ’ ಅಂತ ಉತ್ತರ ಬಂದರೆ ಯಾವುದು ಅಂತ ಬರೆದುಕೊಳ್ಳುವುದು?

ಹೀಗೆ ತಲಬಿಗೆ ಬಂದು ನಿಂತೆ. ಕೆಲವರ ಬಾಯಲ್ಲಿ ತಲುಬು. ಬೀಡಿಯ ತಲಬು, ಚಹಾದ ತಲಬು, ತಂಬಾಕಿನ ತಲಬು. ಮೂಲ ಅರಬ್ಬಿ, ಅಲ್ಲಿ ಅರ್ಥ ಕೇಳುವುದು, ಅರಸುವುದು. ನಮ್ಮ ಬೇಕು ಕೂಡ ಬೇಡು ಎಂಬುದರ ನಂಟಿನದೇ. ತಲಬು ಹತ್ತುತ್ತದೆ, ಆಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಏರಿ ಇಳಿಯುತ್ತದೆ ಅನ್ನುವುದು ಚಿಕಿತ್ಸೆಯಲ್ಲಿ ಬಹಳ ಮುಖ್ಯ. ‘ಸ್ವಲ್ಪ ಹೊತ್ತು ತಡಕೊಳ್ಳಿ, ಇಳಿಯುತ್ತೆ’ ಅಂತಲೇ ಅಲ್ಲಿ ಹೇಳಿಕೊಡುತ್ತಾರೆ. ಈ ಪದದಲ್ಲಿ ಪಾಪ ಇಲ್ಲ, ದೊಡ್ಡಸ್ತಿಕೆಯೂ ಇಲ್ಲ. ಹೊರಗಿನಿಂದ ಬಂದ ಪದ ಅಂತ ಯಾರಾದರೂ ಆಕ್ಷೇಪಿಸಿದರೆ, ವ್ಯಸನ ಎಲ್ಲಿಂದ ಬಂತು ಅಂತ ನಾನೂ ಕೇಳುತ್ತೇನೆ.

ಒಂದು ಅನುಮಾನ ಮಾತ್ರ ಉಳಿದಿದೆ. ತಿಂಡಿಗೆ ತಲಬು ಅನ್ನಬಹುದೇ?

ಇದು ಬರೀ ಭಾಷೆಯ ಪ್ರಶ್ನೆ ಅಲ್ಲ. ತಿನ್ನುವುದನ್ನು ಚಟ ಅನ್ನಬಹುದೇ ಅಂತ ವಿಜ್ಞಾನಿಗಳೇ ಜಗಳ ಆಡುತ್ತಿದ್ದಾರೆ. 2009ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಶ್ಲಿ ಗೇರ್‌ಹಾರ್ಟ್ ಮತ್ತು ಜೊತೆಯವರು ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಡಿಎಸ್‌ಎಂ ಇನ್ನೂ ಅದನ್ನು ಕಾಯಿಲೆ ಅಂತ ಒಪ್ಪಿಲ್ಲ. ಆದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮಾಡಿ 2019ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಅಲ್ಟ್ರಾ ಪ್ರೊಸೆಸ್ಡ್, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಊಟ, ಎರಡು ವಾರ ಹೆಚ್ಚು ಸಂಸ್ಕರಿಸದ ಊಟ. ತಟ್ಟೆಗೆ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಅಲ್ಟ್ರಾ ಪ್ರೊಸೆಸ್ಡ್ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತೂಕ ಸರಾಸರಿ 0.9 ಕೆ.ಜಿ. ಏರಿತು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಯಾವ ಊಟ ಹೆಚ್ಚು ಹಿಡಿಸಿತು ಅಂತ ಕೇಳಿದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟಿದ್ದರು! ಹಿಡಿಸಿದ್ದು ಸಮ, ತಿಂದದ್ದು ಮಾತ್ರ ಜಾಸ್ತಿ. ಬೇಗ ಬೇಗ ತಿಂದದ್ದೂ ಕಂಡುಬಂತು.

ಅಲ್ಟ್ರಾ ಪ್ರೊಸೆಸ್ಡ್ ಅನ್ನುವ ಈ ವಿಂಗಡಣೆ ಬ್ರೆಜಿಲ್‌ನ ಸಾವೊ ಪಾಲೊದ ಕಾರ್ಲೊಸ್ ಮೊಂಟೆರೊ ಅವರದು. ಇದನ್ನು ನಮ್ಮವರು ‘ಅತಿ ಸಂಸ್ಕರಿತ ಆಹಾರ’ ಮಾಡಿದ್ದಾರೆ. ಸಂಸ್ಕಾರ ಜಾಸ್ತಿ ಇರುವುದು ಒಳ್ಳೆಯದೇ ಅಲ್ವಾ ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲ. ಸಂಸ್ಕರಿಸುವುದೇ ತಪ್ಪೂ ಅಲ್ಲ. ಅವಲಕ್ಕಿ, ಉಪ್ಪಿನಕಾಯಿ ಆ ಗುಂಪಿಗೆ ಬರುವುದಿಲ್ಲ. ಮನೆಯ ಅಡುಗೆಮನೆಯಲ್ಲಿ ಇರದ ಮಾಲ್ಟೊಡೆಕ್ಸ್‌ಟ್ರಿನ್, ಎಮಲ್ಸಿಫೈಯರ್, ಕೃತಕ ಪರಿಮಳ ಇವನ್ನೆಲ್ಲ ಕೂಡಿಸಿ ಮಾಡಿದ್ದು ಬರುತ್ತದೆ. ‘ಕಾರ್ಖಾನೆ ತಿನಿಸು’ ಅನ್ನಲೇ? ಸ್ವಲ್ಪ ಒರಟು, ಆದರೆ ಅರ್ಥ ಆಗುತ್ತದೆ.

ಕೊನೆಗೆ ಫುಡ್ ನಾಯ್ಸ್. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಂಡವರಿಂದ ಹರಡಿದ ಬಳಕೆ ಇದು ಅನ್ನಬಹುದು. ಹಸಿವಿಲ್ಲದಿದ್ದರೂ ದಿನವಿಡೀ ತಲೆಯೊಳಗೆ ಊಟದ್ದೇ ಯೋಚನೆ. ಔಷಧ ಶುರುವಾದ ಮೇಲೆ ಅದು ನಿಂತಿತು ಅಂತ ಹೇಳುತ್ತಾರೆ. ‘ಆಹಾರದ ಗದ್ದಲ’ ಅಂತ ಒಂದು ಕಡೆ ಓದಿದೆ. ಅದು ಮದುವೆ ಮನೆಯ ಊಟದ ಪಂಕ್ತಿ ಅನ್ನಿಸಿತು. ನಮ್ಮಲ್ಲಿ ಗುಂಗು ಇದೆಯಲ್ಲ! ‘ಅವನು ಅದೇ ಗುಂಗಿನಲ್ಲಿದ್ದಾನೆ.’ ಸದ್ದೂ ಇದೆ, ಬಿಡದ ಯೋಚನೆಯೂ ಇದೆ. ಊಟದ ಗುಂಗು. ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ.

ಈ ಔಷಧ ಕುಡಿತಕ್ಕೂ ಆಗುತ್ತದೆಯೇ ಅಂತ ಈಗ ನೋಡುತ್ತಿದ್ದಾರೆ. 2025ರ ಆರಂಭದಲ್ಲಿ ಬಂದ ಒಂದು ಸಣ್ಣ ಪ್ರಯೋಗದಲ್ಲಿ ಕುಡಿತದ ಕಾಯಿಲೆಯಿದ್ದ 48 ಜನರಿಗೆ ಒಂಬತ್ತು ವಾರ ಕಡಿಮೆ ಪ್ರಮಾಣದ ಸೆಮಾಗ್ಲುಟೈಡ್ ಅಥವಾ ಬರೀ ಹುಸಿಮದ್ದು ಕೊಟ್ಟರು. ಔಷಧ ಪಡೆದವರಲ್ಲಿ ತಲಬು ಇಳಿಯಿತು. ಕುಡಿಯುವ ದಿನಗಳು ಅಷ್ಟೇನೂ ಕಡಿಮೆಯಾಗಲಿಲ್ಲ, ಕೂತ ದಿನ ಕುಡಿಯುವ ಲೋಟಗಳು ಕಡಿಮೆಯಾದವು. 48 ಜನ ಅಂದರೆ ಕಡಿಮೆಯೇ. ಕುಡಿತ ಬಿಡಿಸುವ ಚುಚ್ಚುಮದ್ದು ಬಂತು ಅಂತ ಈಗಲೇ ತಲೆಬರಹ ಹಾಕುವ ಹಾಗಿಲ್ಲ. ಆದರೆ ಇಲ್ಲಿ ‘ತಲಬು ಇಳಿಯಿತು’ ಅಂತ ಬರೆಯುವಾಗ ಕೈ ತಡೆಯಲಿಲ್ಲ, ನೋಡಿ. ‘ಹಂಬಲದ ತೀವ್ರತೆ ಕ್ಷೀಣಿಸಿತು’ ಅಂತ ಬರೆಯಬೇಕಾಗಿತ್ತು ಇಲ್ಲದಿದ್ದರೆ.

ಇನ್ನೆರಡು ಪದ ಬೇಗ ಹೇಳಿಬಿಡುತ್ತೇನೆ. ಟಾಲರೆನ್ಸ್‌ಗೆ ‘ಸಹಿಷ್ಣುತೆ’ ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸೋಣ. ‘ಮೊದಲು ಒಂದು ಕ್ವಾರ್ಟರಿಗೆ ಏರುತ್ತಿತ್ತು, ಈಗ ಏರೋದೇ ಇಲ್ಲ’ ಅನ್ನುವುದೇ ಟಾಲರೆನ್ಸ್. ‘ಒಗ್ಗಿಹೋಗುವುದು’ ಸಾಕು. ವಿತ್‌ಡ್ರಾವಲ್‌ಗೆ ‘ಹಿಂತೆಗೆತ’ ಅಂದರೆ ಬ್ಯಾಂಕಿನ ಚೀಟಿ. ‘ಬಿಟ್ಟಾಗಿನ ತೊಂದರೆ’ ಅಂತ ಬರೆದಿದ್ದೇನೆ, ಉದ್ದ ಆಯಿತು.

ನಿಮ್ಮಿಂದ ಬೇಕಾಗಿರುವುದು ಇದು. ಮೈಸೂರು, ಮಂಡ್ಯ, ಕರಾವಳಿ ಕಡೆಯವರು ತಲಬು ಅಂದರೆ ಥಟ್ಟನೆ ಗುರುತಿಸುತ್ತಾರೆಯೇ? ಇಲ್ಲದಿದ್ದರೆ ನಿಮ್ಮ ಕಡೆ ಎಲೆಅಡಿಕೆ ಇಲ್ಲದೆ ಚಡಪಡಿಸುವ ಅಜ್ಜಿ ಏನು ಅನ್ನುತ್ತಾಳೆ? ಅವಳ ವಾಕ್ಯವನ್ನು ಹಾಗೇ ಬರೆದು ಕಳಿಸಿ, ನಾಮಪದ ಮಾತ್ರ ಕಿತ್ತು ಕಳಿಸಬೇಡಿ. ಹಾಗೆಯೇ ಸಿಹಿಗೆ, ಚಿಪ್ಸಿಗೆ, ಕೂಲ್‌ಡ್ರಿಂಕ್ಸಿಗೆ ತಲಬು ಅನ್ನುವುದನ್ನು ಯಾರಾದರೂ ಕೇಳಿದ್ದೀರಾ, ಅಥವಾ ಅದು ಹೊಗೆ, ಹೆಂಡ, ಚಹಾದ ಹತ್ತಿರವೇ ನಿಲ್ಲುತ್ತದೆಯೇ?