ಪ್ರಶ್ನೋತ್ತರ: ಟ್ಯಾಂಕರಿನಲ್ಲಿ ಬರುವ ಶುದ್ಧೀಕರಿಸಿದ ಚರಂಡಿ ನೀರು

ಬಳಗದ ನಿರ್ವಾಹಕ (ವಿಜಯಪುರ): ಎಲ್ಲರಿಗೂ ನಮಸ್ಕಾರ. ಚರಂಡಿ ನೀರು ಶುದ್ಧೀಕರಿಸುವ ಘಟಕದಿಂದ ಟ್ಯಾಂಕರ್ ನೀರು ಸಿಗತೊಡಗಿದ ಮೇಲೆ ಇಲ್ಲಿ ದಿನವೂ ಅದೇ ಮಾತು. ಇಪ್ಪತ್ತು ವರ್ಷ ನೀರು ಪರೀಕ್ಷೆಯ ಕೆಲಸ ಮಾಡಿದ ಮೇಡಂ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಮನೆ ಕಟ್ಟಿಸುತ್ತಿರುವವರು, ಸೋಲಾಪುರ ರಸ್ತೆ: ಮೇಡಂ, ಸ್ಲ್ಯಾಬ್ ಹಾಕಲು ಈ ನೀರು ನಡೆಯುತ್ತದೆಯೇ? ಗುತ್ತಿಗೆದಾರ ನಡೆಯುತ್ತದೆ ಎನ್ನುತ್ತಾನೆ, ಗೌಂಡಿ ಒಲ್ಲೆ ಎನ್ನುತ್ತಾನೆ.

ಮೇಡಂ: ಪರೀಕ್ಷಾ ವರದಿ ಕೈಯಲ್ಲಿದ್ದರೆ ನಡೆಯುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸರಳು ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಲೀಟರಿಗೆ ಕ್ಲೋರೈಡ್ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ಮೀರಬಾರದು. ನೀರಿನ ಹುಳಿಯ ಅಳತೆಯಾದ ಪಿಎಚ್ 6ಕ್ಕಿಂತ ಇಳಿಯಬಾರದು. ಕ್ಲೋರೈಡ್ ಹೆಚ್ಚಾದರೆ ಸರಳು ಒಳಗೊಳಗೇ ತುಕ್ಕು ಹಿಡಿಯುತ್ತದೆ. ವರದಿ ಬರುವವರೆಗೆ ಗೌಂಡಿಯ ಮಾತು ಕೇಳಿ.

ದ್ರಾಕ್ಷಿ ಬೆಳೆಗಾರ, ತಿಕೋಟಾ: ಎರಡು ತಿಂಗಳಿಂದ ಹನಿ ನೀರಾವರಿಗೆ ಇದನ್ನೇ ಬಿಡುತ್ತಿದ್ದೇನೆ. ಎಲೆಯ ಅಂಚು ಸುಟ್ಟ ಕಾಗದದಂತೆ ಕಂದಾಗಿದೆ, ನಡುಭಾಗ ಹಸಿರಾಗಿದೆ. ರೋಗವೇ? ಔಷಧಿ ಯಾವುದು?

ಮೇಡಂ: ಔಷಧಿ ಹೊಡೆಯುವ ಮೊದಲು ನೀರು, ಮಣ್ಣು, ಎಲೆ ಮೂರನ್ನೂ ಪರೀಕ್ಷೆಗೆ ಕೊಡಿ. ನೀವು ಹೇಳುವ ಗುರುತು ಹೆಚ್ಚಾಗಿ ಉಪ್ಪಿನದು. ಘಟಕದಲ್ಲಿ ಹೊಲಸು ಕೊಳೆತು ಕರಗುತ್ತದೆ, ಕರಗಿದ ಉಪ್ಪು ಹೋಗುವುದಿಲ್ಲ. ಊರಿನ ಬೋರಿನ ಗಡಸು ನೀರು, ಅದರ ಮೇಲೆ ಸಾಬೂನು, ಸೋಡಾ, ಅಡುಗೆಯ ಉಪ್ಪು ಎಲ್ಲವೂ ಹಾಗೆಯೇ ನಿಮ್ಮ ಬಳ್ಳಿಯ ಬುಡಕ್ಕೆ ಬರುತ್ತವೆ. ಉಪ್ಪಿನ ಅಂಶವನ್ನು ತೋರಿಸುವ ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸ್ ಒಳಗಿದ್ದರೆ ಚಿಂತೆಯಿಲ್ಲ, ಅದನ್ನು ದಾಟಿದರೆ ದ್ರಾಕ್ಷಿ, ಲಿಂಬೆಯಂಥ ನಾಜೂಕು ಬೆಳೆಗಳಿಗೆ ತೊಂದರೆ ಶುರುವಾಗುತ್ತದೆ. ಸೋಡಿಯಂ ಹೆಚ್ಚಿದ್ದರೆ ನಿಮ್ಮ ಎರೆಮಣ್ಣು ಬಿಗಿದು ನೀರು ಇಂಗುವುದೇ ನಿಲ್ಲುತ್ತದೆ. ಡೋಣಿ ನದಿಯ ಉಪ್ಪುನೀರನ್ನು ಕಂಡ ಜಿಲ್ಲೆ ನಮ್ಮದು, ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ವರದಿ ಬರುವವರೆಗೆ ಕಾಲುವೆಯ ಸಿಹಿ ನೀರು ಸಿಕ್ಕರೆ ಬೆರೆಸಿ ಬಿಡಿ.

ಗೃಹಿಣಿ, ಆಶ್ರಮ ರಸ್ತೆ: ಅಕ್ಕಾ, ಹಿತ್ತಲಿನ ಕಾಯಿಪಲ್ಲೆಗೆ ಹಾಕಬಹುದೇ?

ಮೇಡಂ: ಹೂವಿನ ಗಿಡಕ್ಕೆ, ತೆಂಗಿಗೆ ಹಾಕಿ. ಮೆಂತ್ಯ, ಮೂಲಂಗಿ, ಹಕ್ಕರಿಕೆಗೆ ಬೇಡ. ನಾವು ಅವನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವವರು.

ಹೈನುಗಾರ, ಸಿಂದಗಿ: ಎಮ್ಮೆಗಳಿಗೆ ಕುಡಿಸಬಹುದೇ ಮೇಡಂ?

ಕೊಳವೆಬಾವಿ ಬತ್ತಿದವರು, ಬಬಲೇಶ್ವರ: ಸಾಹೇಬರೇ... ಕ್ಷಮಿಸಿ, ಮೇಡಂ. ನಮ್ಮ ಬೋರು ಬತ್ತಿ ಎರಡು ವರ್ಷವಾಯಿತು. ಮೂರು ವಾರದಿಂದ ದಿನಕ್ಕೆ ಎರಡು ಟ್ಯಾಂಕರ್ ಈ ನೀರನ್ನು ಅದರೊಳಗೇ ಬಿಟ್ಟು ಇಂಗಿಸುತ್ತಿದ್ದೇನೆ. ಈಗ ಪಕ್ಕದ ಮನೆಯ ಬೋರಿನ ನೀರನ್ನು ಸೀಸೆಗೆ ತುಂಬಿ ಅಲುಗಿಸಿದರೆ ಬೆರಳಿನಷ್ಟು ನೊರೆ ಏಳುತ್ತದೆ, ಬೇಗ ಇಳಿಯುವುದಿಲ್ಲ. ನೀರು ಮೇಲೆ ಬಂದ ಗುರುತು ಇದೇ ಅಲ್ಲವೇ?

ಮೇಡಂ: ಮೊದಲು ಟ್ಯಾಂಕರ್ ನಿಲ್ಲಿಸಿ. ಈಗಲೇ. ಉಳಿದದ್ದನ್ನು ಆಮೇಲೆ ಓದಿ.

ಆ ನೊರೆ ಹೆಚ್ಚಾಗಿ ಸಾಬೂನು ಪುಡಿಯದು. ನೀವು ಸುರಿದ ನೀರು ಅವರ ಬೋರಿಗೆ ತಲುಪಿದೆ ಎಂಬ ಶಂಕೆಗೆ ಅಷ್ಟು ಸಾಕು. ಮಳೆನೀರು ನೆಲದ ಮೇಲೆ ಬಿದ್ದರೆ ಎರೆ, ಗರಸು ಎರಡನ್ನೂ ಸೋಸಿಕೊಂಡು ನಿಧಾನವಾಗಿ ಇಳಿಯುತ್ತದೆ. ನಿಮ್ಮ ಕೇಸಿಂಗ್ ಪೈಪು ಆ ಎರಡನ್ನೂ ದಾಟಿ ನೇರವಾಗಿ ಕರಿಕಲ್ಲಿಗೆ ಹೋಗಿದೆ. ಕರಿಕಲ್ಲಿನ ಬಿರುಕು ಜರಡಿಯಲ್ಲ, ಕೊಳಾಯಿ ಇದ್ದ ಹಾಗೆ. ನೀರು ಅದರಲ್ಲಿ ಎತ್ತ ಹರಿಯುತ್ತದೆಂದು ಮೇಲೆ ನಿಂತು ಹೇಳಲು ಬರುವುದಿಲ್ಲ.

ಘಟಕ ಚೆನ್ನಾಗಿ ನಡೆಯುತ್ತಿದ್ದರೂ ಇದು ಕುಡಿಯುವ ನೀರಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ ಬಿಗಿಯಾದ ಅಳತೆಯಲ್ಲಿಯೂ 100 ಮಿಲಿಲೀಟರಿಗೆ 230ರವರೆಗೆ ಮಲದ ಬ್ಯಾಕ್ಟೀರಿಯಾಕ್ಕೆ ಅವಕಾಶವಿದೆ. ಕುಡಿಯುವ ನೀರಿನಲ್ಲಿ ಒಂದೂ ಇರಬಾರದು. ಇದರ ಜೊತೆ ಮಲಮೂತ್ರದಿಂದ ಬರುವ ನೈಟ್ರೇಟ್ ಎಂಬ ಲವಣ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಮೀರಿದರೆ ಎಳೆಯ ಕೂಸುಗಳ ರಕ್ತ ಆಮ್ಲಜನಕ ಒಯ್ಯದಂತೆ ಮಾಡಿ, ಅದು ರಕ್ತದ ಉಸಿರನ್ನೇ ಕಟ್ಟಿಸುತ್ತದೆ.

ನನಗೆ ಮೂರು ಉತ್ತರ ಬೇಕು. ಎರಡು ಬೋರುಗಳ ನಡುವೆ ಎಷ್ಟು ಅಡಿ? ಆ ನೀರನ್ನು ಯಾರು ಯಾರು ಕುಡಿಯುತ್ತಾರೆ? ಆ ಮನೆಯಲ್ಲಿ ಆರು ತಿಂಗಳೊಳಗಿನ ಕೂಸು ಇದೆಯೇ?

ಕೊಳವೆಬಾವಿ ಬತ್ತಿದವರು, ಬಬಲೇಶ್ವರ: ಇನ್ನೂರು ಅಡಿ ಆಗಬಹುದು. ಮನೆಯವರು, ಆಳುಗಳು ಎಲ್ಲರೂ ಕುಡಿಯುತ್ತಾರೆ.

ನಿವೃತ್ತ ಶಿಕ್ಷಕ, ಇಂಡಿ: ಬೆಂಗಳೂರಿನ ಶುದ್ಧೀಕರಿಸಿದ ನೀರಿನಿಂದ ಕೋಲಾರದ ಕೆರೆಗಳೇ ತುಂಬಿವೆಯಲ್ಲ ಮೇಡಂ? ಅಲ್ಲಿ ಸರಿಯಾದದ್ದು ಇಲ್ಲಿ ಏಕೆ ತಪ್ಪು?

ಮೇಡಂ: ಗುರುಗಳೇ, ನೀವು ಹೇಳುವ ಆ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗೆ ಬಿದ್ದು, ಕೆರೆಯ ಮಣ್ಣಿನ ಮೂಲಕ ಇಂಗುತ್ತದೆ. ಅಲ್ಲಿ ಯಾರೂ ಅದನ್ನು ಬೋರಿನ ಬಾಯಿಗೆ ಸುರಿದಿಲ್ಲ. ಅಷ್ಟಿದ್ದೂ 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು.

ಟ್ಯಾಂಕರ್ ಮಾಲೀಕ: ಇಷ್ಟು ಹೆದರಿಸುವುದೇಕೆ? ಇದು ನನಗೆ ಬಂದ ಸಂದೇಶ: "ಒಂದು ಟ್ಯಾಂಕರಿಗೆ ಒಂದು ಕಿಲೋ ಪಟಕ, ಎರಡು ಹಿಡಿ ನುಗ್ಗೆ ಬೀಜದ ಪುಡಿ, ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್. ರಾತ್ರಿಯಿಡೀ ಬಿಟ್ಟರೆ ಕುಡಿಯಲೂ ಯೋಗ್ಯ. ಹತ್ತು ಜನರಿಗೆ ಕಳುಹಿಸಿ."

ಮೇಡಂ: ಒಬ್ಬರಿಗೂ ಕಳುಹಿಸಬೇಡಿ. ಪಟಕ, ನುಗ್ಗೆ ಬೀಜ ಎರಡೂ ಕದಡನ್ನು ತಳಕ್ಕೆ ಇಳಿಸುತ್ತವೆ. ನೀರು ತಿಳಿಯಾಗುತ್ತದೆ, ತಿಳಿಯಾದದ್ದಕ್ಕೇ ಜನ ಮೋಸ ಹೋಗುತ್ತಾರೆ. ಉಪ್ಪು ಹೋಗುವುದಿಲ್ಲ, ನೈಟ್ರೇಟ್ ಹೋಗುವುದಿಲ್ಲ. ಈ ನೀರಿನಲ್ಲಿ ಅಮೋನಿಯಾ ಇದ್ದರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ಜಂತುಹುಳದ ಮೊಟ್ಟೆ ಕ್ಲೋರಿನ್ನಿಗೆ ಸಾಯುವುದೂ ಇಲ್ಲ. ಇದನ್ನು ಯಾರಾದರೂ ಕುಡಿದು ಆಸ್ಪತ್ರೆ ಸೇರಿದರೆ ಸಂದೇಶ ಬರೆದವನು ಸಿಗುವುದಿಲ್ಲ, ನೀರು ತಂದ ನೀವು ಸಿಗುತ್ತೀರಿ.

ಹಳ್ಳದ ದಂಡೆಯ ರೈತ: ಎಲ್ಲರೂ ನಿಮ್ಮ ನಿಮ್ಮ ಟ್ಯಾಂಕರಿನ ಮಾತು ಆಡುತ್ತಿದ್ದೀರಿ. ಅಪ್ಪನ ಕಾಲದಿಂದ ನಾವು ಊರಿನ ಚರಂಡಿ ನೀರು ಸೇರುವ ಹಳ್ಳದ ನೀರೆತ್ತಿ ಜೋಳ, ಮೇವು ಬೆಳೆದವರು. ಈಗ ಆ ನೀರು ಘಟಕದಿಂದಲೇ ಮಾರಾಟವಾದರೆ ಹಳ್ಳಕ್ಕೆ ಏನು ಉಳಿಯುತ್ತದೆ?

ಟ್ಯಾಂಕರ್ ಮಾಲೀಕ: ದುಡ್ಡು ಕೊಟ್ಟವರಿಗೆ ನೀರು. ಹೊಲಸು ನೀರಿಗೂ ಹಕ್ಕು ಕೇಳುತ್ತೀರಾ?

ಹಳ್ಳದ ದಂಡೆಯ ರೈತ: ಹೊಲಸಾಗಿದ್ದಾಗ ನಮ್ಮದು, ತಿಳಿಯಾದಾಗ ನಿಮ್ಮದೇ? ಕಾಲಿಗೆ ಕಜ್ಜಿ ಹತ್ತಿಸಿಕೊಂಡು ಅದರಲ್ಲಿ ನಿಂತವರು ನಾವು.

ದ್ರಾಕ್ಷಿ ಬೆಳೆಗಾರ, ತಿಕೋಟಾ: ಅಣ್ಣಾ, ಬರ ಬಂದಾಗ ಟ್ಯಾಂಕರಿಗೆ ಸಾಲ ಮಾಡಿದವರು ನಾವೂ ಇದ್ದೇವೆ.

ಹಳ್ಳದ ದಂಡೆಯ ರೈತ: ದ್ರಾಕ್ಷಿ ಮಾರಿ ಸಾಲ ತೀರಿಸುತ್ತೀರಿ. ನಮ್ಮ ಮೇವನ್ನು ಕೊಳ್ಳುವವರು ಯಾರು?

ನಿರ್ವಾಹಕ: ದಯವಿಟ್ಟು ವಿಷಯಕ್ಕೆ ಬನ್ನಿ.

ಮೇಡಂ: ಇದೂ ವಿಷಯವೇ. ನೀರು ಹಂಚುವವರು ಹಳ್ಳದ ಕೆಳಗಿನ ರೈತರ ಲೆಕ್ಕ ಹಿಡಿಯಲೇಬೇಕು, ಅವರ ಪಾಲನ್ನು ಲಿಖಿತವಾಗಿ ಕೊಡಬೇಕು. ನೀವು ಎಲ್ಲರೂ ಸಹಿ ಮಾಡಿ ಅರ್ಜಿ ಕೊಡಿ. ನೀರಿನ ಗುಣದ ಬಗ್ಗೆ ನಾಲ್ಕು ಸಾಲು ನಾನು ಬರೆದುಕೊಡುತ್ತೇನೆ.

ಬಾಡಿಗೆದಾರ: ಸ್ಲ್ಯಾಬಿಗೆ ನಡೆಯುತ್ತದೆಯೇ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ.

ಹೊಸ ಸದಸ್ಯ: ಕಾಯಿಪಲ್ಲೆಗೆ?

ಮೇಡಂ: ಮೇಲೆ ಓದಿ.

ಯುವಕ, ಮುದ್ದೇಬಿಹಾಳ: ಹೊಂಡದಲ್ಲಿ ಮೀನು ಸಾಕಬಹುದೇ?

ಟ್ಯಾಂಕರ್ ಮಾಲೀಕ: ಮೇಡಂ ಅವರಿಗೆ ಸಿಟ್ಟು ಬಂದಿದೆ, ಕೇಳಬೇಡಿ.

ಮೇಡಂ: ಬಬಲೇಶ್ವರದವರು ಮೂರನೆಯ ಪ್ರಶ್ನೆಗೆ ಉತ್ತರಿಸಿಲ್ಲ. ನಾನು ಅದಕ್ಕಾಗಿಯೇ ಕಾಯುತ್ತಿದ್ದೇನೆ. ನೀರು ಪರೀಕ್ಷೆಯ ಎಚ್‌ಟುಎಸ್ ಸೀಸೆಗಾಗಿ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಗೆರೆಯವರೆಗೆ ಆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿಡಿ. ಕಪ್ಪಾದರೆ ಮಲದ ಸೋಂಕಿದೆ ಎಂದೇ ತಿಳಿಯಿರಿ.

*(ಎರಡು ದಿನಗಳ ನಂತರ)*

ಕೊಳವೆಬಾವಿ ಬತ್ತಿದವರು, ಬಬಲೇಶ್ವರ: ಟ್ಯಾಂಕರನ್ನು ಅಂದೇ ನಿಲ್ಲಿಸಿದೆ. ಪಕ್ಕದವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಇಲ್ಲಿ ಸುಮ್ಮನಿದ್ದೆ. ಸೀಸೆ ಶಾಯಿಯಂತೆ ಕಪ್ಪಾಗಿದೆ. ಇಂದು ಬೆಳಿಗ್ಗೆ ಸೀಸೆ ಹಿಡಿದುಕೊಂಡೇ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಕೂಸು ಇದೆ ಮೇಡಂ. ನಾಲ್ಕು ತಿಂಗಳದು. ತಾಯಿ ಹಾಲಿನ ಪುಡಿಯನ್ನು ಅದೇ ನೀರಿನಲ್ಲಿ ಕಲಸುತ್ತಾಳೆ. ಕುದಿಸಿ ಕೊಡುತ್ತೇನೆ ಎಂದಳು.

ಮೇಡಂ: ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕೂಸಿಗೆ ಇವತ್ತಿನಿಂದ ಹೊರಗಿನ ಕುಡಿಯುವ ನೀರು, ಅದನ್ನೂ ಕುದಿಸಿ ಆರಿಸಿ ಕೊಡಲಿ. ಮನೆಯವರು, ಆಳುಗಳು ಯಾರೂ ಆ ಬೋರಿನ ನೀರು ಕುಡಿಯಬಾರದು. ಕೂಸಿನ ತುಟಿ, ಉಗುರು ನೀಲಿಯಾಗಿ ಕಂಡರೆ ನನ್ನನ್ನು ಕೇಳುತ್ತ ಕೂರಬೇಡಿ, ಸೀದಾ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ. ನೈಟ್ರೇಟ್ ಪರೀಕ್ಷೆಗೆ ನಾಳೆ ಬೆಳಿಗ್ಗೆ ಎಂಟಕ್ಕೆ ನಾನೇ ಬರುತ್ತೇನೆ. ಎರಡೂ ಬೋರಿನ ನೀರು ಬೇಕು. ವಿಳಾಸವನ್ನು ಇಲ್ಲಿ ಹಾಕಬೇಡಿ, ನನಗೊಬ್ಬಳಿಗೇ ಕಳುಹಿಸಿ.