ಸೆಪ್ಟೆಂಬರ್ ಎಲ್ಕ್ ಬೇಟೆಗೆ ಬಟ್ಟೆ, ಟೆಂಟ್ ಏನು ಹೊರಬೇಕು? ಅನುಭವ ಇದ್ದವರು ಹೇಳಿ

ಆಸ್ಟಿನ್ ಹುಡುಗ:
ಕೊಲೊರಾಡೊ ಬಿಲ್ಲುಬೇಟೆ ಡ್ರಾದಲ್ಲಿ (ಲಾಟರಿ) ಎಲ್ಕ್ ಟ್ಯಾಗ್, ಅಂದ್ರೆ ಒಂದು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹೊಡೆಯೋ ಪರವಾನಗಿ, ಸಿಕ್ಕಿದೆ. ಸ್ಯಾನ್ ಹ್ವಾನ್ ಬೆಟ್ಟಸಾಲು, 11,000 ಅಡಿ ಆಸುಪಾಸು, ಸೆಪ್ಟೆಂಬರ್ ಮೊದಲ ವಾರ, ನಾಲ್ಕೈದು ರಾತ್ರಿ, ಒಬ್ಬನೇ. ಆ ವಾರ ಬಿಸಿಲೇ ಇರುತ್ತೆ ಅಂತಾರೆ. ಟೆಂಟ್ ಬೇಕಾ, ಟಾರ್ಪ್ (ಬರೀ ಮೇಲೆ ಕಟ್ಟೋ ಹೊದಿಕೆ) ಸಾಕಾ? ಬಟ್ಟೆ ಎಷ್ಟು?

ಡುರಾಂಗೊ ದಾರಿಹೋಕ:
ಬಿಸಿಲೇ ಇರುತ್ತೆ ಅಂದವರು 2020ರ ಸೆಪ್ಟೆಂಬರ್ ಮರೆತಿದ್ದಾರೆ. ಐದನೇ ತಾರೀಖು ಡೆನ್ವರ್‌ನಲ್ಲಿ 101 ಡಿಗ್ರಿ ಫ್ಯಾರನ್‌ಹೀಟ್, ಎಂಟಕ್ಕೆ ಅದೇ ಊರಲ್ಲಿ ಹಿಮ. ನಾನು ಆಗ ಮೇಲೆ, ಮರಗಳು ಮುಗಿಯೋ ಎತ್ತರದ ಸ್ವಲ್ಪ ಕೆಳಗಿದ್ದೆ. ಒಂದೇ ಪದರದ ಸಿಲ್‌ನೈಲಾನ್ ಟೆಂಟ್. ಸಿಲಿಕೋನ್ ಲೇಪದ ಆ ನೈಲಾನ್ ಬಟ್ಟೆ ನೀರು ಹೀರಿ ಹಿಗ್ಗುತ್ತೆ, ಅಂಗಡಿಯವನು ಅದನ್ನ ಹೇಳಲೇ ಇಲ್ಲ. ರಾತ್ರಿಯೆಲ್ಲ ಎದ್ದೆದ್ದು ಹಗ್ಗ ಬಿಗಿದೆ. ಬೆಳಗಿನ ಜಾವಕ್ಕೆ ಗೋಡೆ ಜೋತು ಬಿದ್ದು ಸ್ಲೀಪಿಂಗ್ ಬ್ಯಾಗಿನ ಕಾಲಬದಿಗೆ ಅಂಟಿಕೊಂಡಿತ್ತು, ಒಳಗಿನ ಡೌನ್ (ಹಕ್ಕಿಯ ಮೆತ್ತನೆ ಪುಕ್ಕ) ಗೋಲಿ ಗೋಲಿಯಾಗಿ ಒಂದು ಮೂಲೆಗೆ ಸೇರಿತ್ತು. ಮಿಕ್ಕ ಜಾಗದಲ್ಲಿ ಬರೀ ಎರಡು ಪದರ ನೈಲಾನ್. ಬ್ಯಾಗಿಗೆ 480 ಡಾಲರ್, ತೊಳೆಸೋಕೆ 55, ಬೇಟೆ ಬಿಟ್ಟು ಇಳಿದು ಬಂದಿದ್ದಕ್ಕೆ ಎರಡು ರಾತ್ರಿ ಮೋಟೆಲ್ 230. ಟ್ಯಾಗೂ ವ್ಯರ್ಥ. ಮುಂದಿನ ವರ್ಷ 700 ಡಾಲರ್ ಕೊಟ್ಟು ಡೈನೀಮಾ ಅನ್ನೋ ಹಗುರ, ಗಟ್ಟಿ ನಾರಿನ ಟೆಂಟ್ ತಗೊಂಡೆ. ಎಷ್ಟೇ ನೆಂದರೂ ಹಿಗ್ಗಲ್ಲ. ಕೊಟ್ಟ ಒಂದೊಂದು ಡಾಲರಿಗೂ ನನಗೆ ತೃಪ್ತಿ ಇದೆ.

ಬೋಯ್ಸಿ ಬಾಣ:
ಹೊಸಬರಿಗೆ 700 ಡಾಲರ್ ಟೆಂಟ್ ಯಾಕ್ ಹೇಳ್ತೀರಿ ಸರ? ನಂದು ಸಿಲ್‌ಪಾಲಿ ಟಾರ್ಪ್, 75 ಡಾಲರ್. ಪಾಲಿಯೆಸ್ಟರ್ ಬಟ್ಟಿ, ಅದೂ ನೆನೆದ್ರ ಅಷ್ಟು ಜೋತು ಬೀಳಂಗಿಲ್ಲ. ಕೆಳಗ ಬಿವಿ ಚೀಲ (ಸ್ಲೀಪಿಂಗ್ ಬ್ಯಾಗಿನ ಮ್ಯಾಲಿನ ಹೊದಿಕಿ), ಸುತ್ತ ಆರು ಗೂಟ, ಮುಗೀತು. ಐಡಾಹೋದಾಗ ಆಲಿಕಲ್ಲು, ಗಾಳಿ, ಎಲ್ಲಾ ಅದರಾಗ ಕಳದೇನಿ. ಒಳಗ ತೇವ ಆಗೂದು ಟೆಂಟಿನ ತಪ್ಪಲ್ಲ, ಜಾಗಾದ ತಪ್ಪು. ತಣ್ಣನ ಗಾಳಿ ರಾತ್ರಿ ತಗ್ಗಿಗೆ ಇಳೀತೈತಿ, ಹುಲ್ಲುಗಾವಲದಾಗ ಹಾಕಿದ್ರ ಡೈನೀಮಾನೂ ಬೆವರತೈತಿ. ಇಳಿಜಾರಿನ ಮ್ಯಾಲೆ ಸ್ಪ್ರೂಸ್ ಗಿಡದ ಕೆಳಗ ಹಾಕ್ರಿ. ಉಳದ ರೊಕ್ಕ ಬೂಟಿಗೆ ಹಾಕ್ರಿ. ನನ್ನ ಹಿಂದಿನ ಬೂಟು 390 ಡಾಲರ್, ಎರಡನೇ ಸೀಸನ್ನಿಗೇ ಸೋಲ್ ಬಿಟ್ಟಿತು, ಹೊಸಾದು ಹಚ್ಚಾಕ 110. ಆ ಸಿಟ್ಟು ಇನ್ನೂ ಇಳಿದಿಲ್ಲ ನನಗ.

ಡುರಾಂಗೊ ದಾರಿಹೋಕ:
ನಾನು ಹುಲ್ಲುಗಾವಲಲ್ಲಿ ಟೆಂಟ್ ಹಾಕಿದ್ದೆ ಅಂತ ನಿಮಗೆ ಹೇಳಿದ್ಯಾರು? ಸ್ಯಾನ್ ಹ್ವಾನ್ ಸ್ಪ್ರೂಸ್ ಕಾಡು ನೋಡಿದ್ದೀರಾ? ತೊಗಟೆ ಕೊರೆಯೋ ಹುಳ ತಿಂದು ನಿಂತಲ್ಲೇ ಸತ್ತ ಮರಗಳು ಗುಡ್ಡಕ್ಕೆ ಗುಡ್ಡ. ಗಾಳಿ ಬಂದರೆ ಉರುಳುತ್ವೆ. ಅದರ ಕೆಳಗೆ ಮಲಗು ಅಂತ ಹೊಸಬರಿಗೆ ಹೇಳೋದು ಜೀವದ ಜೊತೆ ಆಟ. ಮೊದಲು ತಲೆಯೆತ್ತಿ ಮರ ನೋಡಬೇಕು, ಆಮೇಲೆ ನೆಲ.

ಕೊಡಗಿನ ಕೋವಿ:
ಟೆಂಟ್ ಜಗಳ ಸಾಕು, ಬಟ್ಟೆ ಕೇಳಿದ್ದಾರೆ. ನಮ್ಮಲ್ಲಿ ಸೆಪ್ಟೆಂಬರ್ ಶುರುವಿಗೇ ಕೈಲ್‌ಪೋಳ್ದ್ ಹಬ್ಬ. ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೇಟೆಗೆ ಹೊರಡ್ತಿದ್ದಿದ್ದು ತಾತನ ಕಾಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಪೂಜೆ ಉಳೀತು, ಬೇಟೆ ನಿಂತಿತು. ಮೊಂಟಾನಾಕ್ಕೆ ಬಂದ ಮೇಲೆ ನನಗೆ ಆ ತಿಂಗಳು ಮತ್ತೆ ಸಿಕ್ಕಿತು. ತಾತ ಮಳೆಗೆ ಹೊದ್ದಿದ್ದು ಕಂಬಳಿ ಕೊಪ್ಪೆ, ಉಣ್ಣೆ ನೆಂದರೂ ಮೈ ತಣ್ಣಗಾಗಲ್ಲ ಅಂತ ನನಗೆ ಅಲ್ಲೇ ಗೊತ್ತು. ಅದಕ್ಕೇ ಮೈಗಂಟಿ ತೆಳು ಮೆರಿನೋ ಉಣ್ಣೆ, ವಾರ ಹಾಕಿದರೂ ವಾಸನೆ ಕಮ್ಮಿ. ಹತ್ತಿಬಟ್ಟೆ ಒಂದೂ ಬೇಡ, ಒಳಚಡ್ಡಿ ಕೂಡ.

ಬಿಟರ್‌ರೂಟ್ ಅಕ್ಕ:
ಮೆರಿನೋ ಹೊಗಳೋರು ಬೆಲೆ ಹೇಳಲ್ಲ. 95 ಡಾಲರ್ ಅಂಗಿ, ಬ್ಯಾಗಿನ ಸೊಂಟದ ಪಟ್ಟಿ ಉಜ್ಜಿ ಒಂದೇ ಸೀಸನ್‌ನಲ್ಲಿ ತೂತು. ಮೈಶಾಖದಲ್ಲಿ ಒಣಗೋಕೂ ತಡ. ನಾನೀಗ ಸಿಂಥೆಟಿಕ್ ಅಂಗಿ, ಅದರ ಮೇಲೆ ಗ್ರಿಡ್ ಫ್ಲೀಸ್ (ಚೌಕಳಿ ನೇಯ್ಗೆಯ ಬೆಚ್ಚನೆ ಅಂಗಿ). ಹತ್ತುವಾಗ ಅಂಗಿ ಮಾತ್ರ, ಚಳಿಯಾದರೂ ಸರಿ. ಬೆವರಿ ನೆಂದ ಬೆನ್ನಲ್ಲಿ ದಿಣ್ಣೆ ಮೇಲೆ ಕೂತು ದುರ್ಬೀನು ಹಿಡಿದರೆ ಕೈ ನಡುಗುತ್ತೆ, ಬಾಣ ಎಲ್ಲಿಗೆ ಹೋಗುತ್ತೆ? ನಿಂತ ಕೂಡಲೇ ಪಫಿ (ಉಬ್ಬು ಜಾಕೆಟ್), ಅದೂ ಸಿಂಥೆಟಿಕ್. ಮಳೆ ಪ್ಯಾಂಟು ನಿಜಕ್ಕೂ ಬೇಕಾಗೋದು ಬೆಳಿಗ್ಗೆ, ವಿಲೋ ಪೊದೆಗಳ ಇಬ್ಬನಿಗೆ ತೊಡೆವರೆಗೂ ನೆನೆಯುತ್ತೆ. ಆದರೆ ನಲವತ್ತು ಗಜದೊಳಗೆ ಆ ಪ್ಯಾಂಟಿನ ಸರಪರ ಸದ್ದು ಎಲ್ಕ್‌ಗೆ ಕೇಳಿಸುತ್ತೆ, ಬಿಚ್ಚಿಟ್ಟೇ ಹತ್ತಿರ ಹೋಗಬೇಕು. ಮತ್ತೆ ಬೇಟೆ ಬಟ್ಟೆ ಹೆಂಗಸರ ಅಳತೆಗೆ ಹುಡುಕಿದರೆ ಬಣ್ಣ ಎರಡು, ಜೇಬು ಚಿಕ್ಕದು, ಬೆಲೆ ಮಾತ್ರ ಅಷ್ಟೇ. ಇದನ್ನ ಪ್ರತಿ ಸಲ ಹೇಳ್ತೀನಿ, ಇನ್ನೂ ಹೇಳ್ತೀನಿ.

ಕೊಡಗಿನ ಕೋವಿ:
ಅಕ್ಕ, ತೂತಾಗೋದು ಬಟ್ಟೆ ದೋಷ ಅಲ್ಲ, ಪಟ್ಟಿ ಸಡಿಲ ಇದ್ದರೆ ಉಜ್ಜುತ್ತೆ. ಸಿಂಥೆಟಿಕ್‌ಗೆ ಮೂರನೇ ದಿನ ಬರೋ ನಾತ ಎಲ್ಕ್‌ಗೆ ಬರಲ್ವಾ?

ಬಿಟರ್‌ರೂಟ್ ಅಕ್ಕ:
ಗಾಳಿ ತಪ್ಪಿದ್ರೆ ಮೆರಿನೋ ಹಾಕಿದವನೂ ಒಂದೇ, ಹಾಕದವನೂ ಒಂದೇ. ಬಿಸಿಲೇರಿದ ಮೇಲೆ ಗಾಳಿ ಗುಡ್ಡ ಹತ್ತುತ್ತೆ, ಸಂಜೆ ಇಳಿಯುತ್ತೆ. ಎಲ್ಕ್ ಮಲಗೋ ಬೋಗುಣಿಯಂಥ ತಗ್ಗಿನ ನೆತ್ತಿಗೆ ಟೆಂಟ್ ಹಾಕಿದರೆ ರಾತ್ರಿಯಿಡೀ ನಿಮ್ಮ ವಾಸನೆ ಅದರ ಮೂಗಿಗೆ. ಅಂಗಿಯ ಮಾತು ಆಮೇಲೆ.

ಪೊಂಡರೋಸಾ:
ಎಲ್ಲರೂ ಚಳಿ ಚಳಿ ಅಂತೀರಿ, ಸೀಸನ್ ಶುರುವಲ್ಲಿ ನಷ್ಟ ಮಾಡೋದು ಸೆಕೆ. ದೊಡ್ಡ ಗಂಡು ಎಲ್ಕ್ ಮೂಳೆ ಬಿಡಿಸಿದ ಮೇಲೂ ಮಾಂಸ 200 ಪೌಂಡ್ ಆಸುಪಾಸು, ಒಬ್ಬನೇ ಹೊರೋಕೆ ಎಷ್ಟು ಸುತ್ತು ಲೆಕ್ಕ ಹಾಕಿ. ಹಿಂಗಾಲಿನ ಕೀಲಿನ ಒಳಗೆ ಶಾಖ ಉಳಿದು ಹುಳಿ ಬರುತ್ತೆ. ಚರ್ಮ ತಕ್ಷಣ ಬಿಚ್ಚಿ, ಮೂಳೆ ಬಿಡಿಸಿ, ಗಾಳಿಯಾಡೋ ಗೇಮ್ ಬ್ಯಾಗಲ್ಲಿ (ಮಾಂಸ ಹಾಕೋ ಬಟ್ಟೆ ಚೀಲ) ಉತ್ತರದ ಇಳಿಜಾರಿನ ನೆರಳಿಗೆ ಕಟ್ಟಬೇಕು. ಇನ್ನೊಂದು ಜಾಕೆಟ್ ಬಿಟ್ಟಾದ್ರೂ ಸರಿ, ಗೇಮ್ ಬ್ಯಾಗ್ ಬಿಡಬೇಡಿ.

ಡುರಾಂಗೊ ದಾರಿಹೋಕ:
ಇದಕ್ಕೇ ಹೇಳೋದು, ಹೊರರಾಜ್ಯದಿಂದ ಒಬ್ಬೊಬ್ಬರೇ ಬಂದು ಮಾಂಸ ಕೆಡಿಸೋದು ಬೇಡ ಅಂತ. 2025ರಿಂದ ಐ-25 ಹೆದ್ದಾರಿಯ ಪಶ್ಚಿಮಕ್ಕೆ ಹೊರಗಿನ ಬಿಲ್ಲುಗಾರರಿಗೆ ಡ್ರಾ ಮಾಡಿದ್ದು ಒಳ್ಳೇದೇ ಆಯ್ತು. ಅದಕ್ಕೆ ಮುಂಚೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟರೆ ಟ್ಯಾಗ್, ಕಾಡಿನ ಬಾಗಿಲಲ್ಲಿ ಕಾರ್ ನಿಲ್ಲಿಸೋಕೆ ಜಾಗ ಇರ್ತಿರಲಿಲ್ಲ.

ಕೊಡಗಿನ ಕೋವಿ:
ನಿಮ್ಮ ಟ್ಯಾಗಿಗಿಂತ ಹತ್ತು ಪಟ್ಟು ಹೆಚ್ಚು ನಾವು ಹೊರಗಿನವರು ಕೊಡ್ತೀವಿ, ನಿಮ್ಮ ವನ್ಯಜೀವಿ ಇಲಾಖೆಗೆ ಲೈಸೆನ್ಸ್ ಹಣದ ದೊಡ್ಡ ಪಾಲು ನಮ್ಮದು. ನೀವೂ ಡುರಾಂಗೊದಲ್ಲಿ ಹುಟ್ಟಿದವರಲ್ಲವಲ್ಲ ಸ್ವಾಮಿ.

ಆಸ್ಟಿನ್ ಹುಡುಗ:
ಎಲ್ಲರಿಗೂ ಧನ್ಯವಾದ. ಸ್ಲೀಪಿಂಗ್ ಪ್ಯಾಡಿನ ಆರ್-ವ್ಯಾಲ್ಯೂ (ನೆಲದ ಚಳಿ ತಡೆಯೋ ಅಳತೆ) ಎಷ್ಟಿರಬೇಕು, ಯಾರಾದ್ರೂ ಹೇಳ್ತೀರಾ?

ಬೋಯ್ಸಿ ಬಾಣ:
ನಾಲ್ಕರ ಮ್ಯಾಲಿರ್ಲಿ ತಮ್ಮಾ. ಸ್ಲೀಪಿಂಗ್ ಬ್ಯಾಗಿನ ಮ್ಯಾಲೆ ಬರದ ‘ಲಿಮಿಟ್’ ಡಿಗ್ರಿ ನಂಬಬ್ಯಾಡ, ‘ಕಂಫರ್ಟ್’ ನೋಡು. ದಾರಿಹೋಕ ಸರ, ನಾ ಸತ್ತ ಗಿಡ ಅಂದಿಲ್ಲ. ಹಸಿರು ಗಿಡ ನೋಡಿ ಹಾಕೂದು ಬ್ಯಾಟಿ ಆಡೋರಿಗೆ ಹೇಳಿಕೊಡಬೇಕಾ?