ಹಾವಿನ ಮರಿಯ ಬಣ್ಣಕ್ಕೆ ‘ಮರಿಬಣ್ಣ’ ಅನ್ನಬಹುದೇ?

ಗೆಳೆಯರೇ,

ಹಾವಿನ ಮರಿಗಳನ್ನು ಗುರುತಿಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷಿನವರು ‘ಕಲರ್ ವೇರಿಯೇಷನ್’ ಅನ್ನುವುದಕ್ಕೆ ನಮ್ಮಲ್ಲಿ ‘ವರ್ಣವೈವಿಧ್ಯ’ ಎಂದು ಬರೆಯುವುದುಂಟು. ‘ವರ್ಣಭೇದ’ ಅಂದರಂತೂ ಮಾತು ಬೇರೆಲ್ಲಿಗೋ ಹೋಗುತ್ತದೆ! ವರ್ಣವೈವಿಧ್ಯ ತಪ್ಪೇನಲ್ಲ, ಆದರೆ ಅದರಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತುಹೋಗುತ್ತವೆ.

ಕೇರೆಹಾವನ್ನೇ ನೋಡಿ. ಬೆಳೆದ ಕೇರೆ ಹಳದಿ ಇರುತ್ತದೆ, ಕಂದು ಇರುತ್ತದೆ, ಕೆಲವು ಹೆಚ್ಚುಕಮ್ಮಿ ಕಪ್ಪು. ಇದು ಹಾವಿನಿಂದ ಹಾವಿಗೆ ಇರುವ ವ್ಯತ್ಯಾಸ. ಮರಿಯ ಕಥೆಯೇ ಬೇರೆ. ಅದರ ಮೈಯ ಮುಂಭಾಗದಲ್ಲಿ ಅಡ್ಡಡ್ಡ ತಿಳಿ ಪಟ್ಟೆಗಳಿರುತ್ತವೆ, ಬೆಳೆದಂತೆ ಮಾಸುತ್ತವೆ. ಪಟ್ಟೆ ಕಂಡ ಕೂಡಲೇ ಜನ ಅದನ್ನು ವಿಷದ ‘ಕಟ್ಟುಹಾವು’ ಅಂತ ಕೂಗಿ ದೊಣ್ಣೆ ಎತ್ತುತ್ತಾರೆ. ಆದರೆ ಕಟ್ಟುಹಾವಿನ ಬಿಳಿ ಪಟ್ಟೆ ತೆಳು, ಬಹಳ ಸಲ ಜೋಡಿಜೋಡಿ, ಬಾಲದ ಕಡೆ ಹೋದಂತೆ ಸ್ಪಷ್ಟ. ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಕೇರೆಮರಿಗೆ ಅದಿಲ್ಲ. ಅದರ ಕಣ್ಣು ದೊಡ್ಡದು, ತುಟಿಯ ಹುರುಪೆಗಳ ಅಂಚಿಗೆ ಕಪ್ಪು ಗೆರೆ. ಬಣ್ಣ ಬದಲಾದರೂ ಹುರುಪೆಗಳ ಎಣಿಕೆ ಹುಟ್ಟಿನಿಂದ ಕೊನೆಯವರೆಗೂ ಒಂದೇ, ಹಾಗಾಗಿ ಬಲ್ಲವರು ನಂಬುವುದು ಅದನ್ನೇ. (ಇದನ್ನೆಲ್ಲ ಹಾವಿನ ಹತ್ತಿರ ಹೋಗಿ ಅಲ್ಲ, ಫೋಟೋದಲ್ಲಿ ನೋಡಿ. ವಿಷದ ಹಾವಿನ ಮರಿಗೆ ಹುಟ್ಟುವಾಗಲೇ ವಿಷ ಇರುತ್ತದೆ.)

ವಯಸ್ಸಿನ ಜೊತೆ ಹೋಗುವ ಈ ಬಣ್ಣಕ್ಕೆ ‘ಮರಿಬಣ್ಣ’ ಅಂದರೆ ಹೇಗೆ? ಕಾಳಿಂಗದ ಮರಿ ಕಪ್ಪು ಮೈಗೆ ಹಳದಿ ಪಟ್ಟೆ ಹೊತ್ತು ಬರುತ್ತದೆ. ಮಣ್ಣುಮುಕ್ಕನ ಮರಿ ಕೆಂಪು, ಬಾಲದ ಕಡೆ ಕಪ್ಪು ಪಟ್ಟೆ. ಎರಡಕ್ಕೂ ಪದ ಸಲೀಸಾಗಿ ಕೂರುತ್ತದೆ. ಇನ್ನೊಂದಕ್ಕೆ, ಅಂದರೆ ಒಂದೇ ವಯಸ್ಸಿನ ಹಾವುಗಳ ನಡುವಿನ ವ್ಯತ್ಯಾಸಕ್ಕೆ, ಸುಮ್ನೆ ‘ಬಣ್ಣದ ಬಗೆ’ ಸಾಕು ಅನ್ನಿಸುತ್ತದೆ. ನಾಗರಹಾವು ಗೋಧಿಬಣ್ಣದಿಂದ ಕಪ್ಪಿನವರೆಗೂ ಸಿಗುತ್ತದೆ, ಕೆಲವಕ್ಕೆ ಹೆಡೆಯ ಮೇಲೆ ಗುರುತೇ ಇರುವುದಿಲ್ಲ.

ತೊಡಕು ಬರುವುದು ನ್ಯೂಗಿನಿಯ ಹಸಿರು ಹೆಬ್ಬಾವಿನಲ್ಲಿ. ಅದರ ಮರಿ ಹಳದಿ ಇರಬಹುದು, ಕೆಂಪೂ ಇರಬಹುದು. ಹಸಿರು ಬರುವುದು ಆಮೇಲೆ. ಅಲ್ಲಿಗೆ ಮರಿಬಣ್ಣದಲ್ಲೇ ಎರಡು ಬಗೆ ಆಯಿತು. ‘ಎರಡು ಬಗೆಯ ಮರಿಬಣ್ಣ’ ಎಂದು ಬರೆದಿದ್ದೇನೆ. ಓದುವವರಿಗೆ ತೊಡರುತ್ತದಾ, ಹೇಳಿ.

ಪೊರೆ ಬಿಡುವ ಮುಂಚೆ ಮೈ ಮಂಕಾಗಿ ಕಣ್ಣು ನೀಲಿಗಟ್ಟುವುದಕ್ಕೆ ಹೊಸ ಪದ ಬೇಡ, ‘ಪೊರೆ ಬಂದಿದೆ’ ಅಂದರೆ ಎಲ್ಲರಿಗೂ ಗೊತ್ತು.

‘ಬಿಳಿ ನಾಗರ’ ಮಾತ್ರ ಬಗೆಹರಿದಿಲ್ಲ. ಕಪ್ಪು ಬಣ್ಣದ ಅಂಶವೇ ಇಲ್ಲದೆ ಹುಟ್ಟಿದ ಹಾವಿನ ಕಣ್ಣು ಕೆಂಪು, ಮೈಯಲ್ಲಿ ಹಳದಿ ಛಾಯೆ ಉಳಿದಿರಬಹುದು. ಇನ್ನೊಂದು ಬಗೆಯದರ ಮೈ ಬೆಳ್ಳಗಿದ್ದರೂ ಕಣ್ಣು ಕಪ್ಪು. ಸುದ್ದಿಗಳಲ್ಲಿ ಎರಡೂ ‘ಶ್ವೇತನಾಗ’. ‘ಕೆಂಗಣ್ಣಿನ ಬಿಳಿ’, ‘ಕರಿಗಣ್ಣಿನ ಬಿಳಿ’ ಎಂದರೆ ನೋಡಿದವರೇ ಬೇರೆ ಮಾಡಿ ಹೇಳಬಹುದು, ಅಲ್ವಾ? ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಹಾಗೆಯೇ ಪಟ್ಟೆ ಇರುವ ಕೇರೆಮರಿಗೆ ನಿಮ್ಮ ಕಡೆ ಬೇರೆ ಹೆಸರೇ ಇದ್ದರೆ, ನನ್ನ ‘ಮರಿಬಣ್ಣ’ಕ್ಕಿಂತ ಮೊದಲು ಅದನ್ನೇ ಬರೆಯಿರಿ.